ಎರಡರಲ್ಲಿ ಒಂದು ಚಿಪ್ ಕೀ ಕಳೆದಿದೆ: ಹೊಸದು ಮಾಡಿಸುವುದು, ಕಳೆದದ್ದನ್ನು ಗಾಡಿಯಿಂದ ಅಳಿಸುವುದು ಹೇಗೆ?

ತುಂಗಾತೀರ, ತೀರ್ಥಹಳ್ಳಿ

ನಮಸ್ಕಾರ ಎಲ್ಲರಿಗೂ. ಗಾಡಿ 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಪುಶ್ ಬಟನ್ ಅಲ್ಲ, ತಿರುಗಿಸುವ ಕೀ. ತಲೆಯಲ್ಲಿ ಲಾಕ್, ಅನ್‌ಲಾಕ್ ಬಟನ್ ಇದೆ, ಒಳಗೆ ಚಿಪ್ ಇದೆ. ಗಾಡಿ ಜೊತೆ ಬಂದದ್ದು ಎರಡು ಕೀ, ಈಗ ಇರುವುದು ಒಂದೇ. ಇನ್ನೊಂದು ತೋಟದಲ್ಲಿ ಬಿತ್ತೋ, ಪೇಟೆಯಲ್ಲಿ ಬಿತ್ತೋ ಗೊತ್ತಿಲ್ಲ. ತೋಟದಲ್ಲಾದರೆ ಮಣ್ಣುಪಾಲು, ಬಿಡಿ. ಪೇಟೆಯಲ್ಲಾದರೆ ಈ ಗಾಡಿ ಯಾರ ಮನೆಯದ್ದು ಅಂತ ಬಲ್ಲವರ ಕೈಗೇ ಸಿಕ್ಕಿರಬಹುದು, ಅದೇ ಚಿಂತೆ.

ಶಿವಮೊಗ್ಗದ ಸರ್ವಿಸ್ ಸೆಂಟರ್‌ನವರು ಕೀ ಕಂಪನಿಯಿಂದಲೇ ಬರಬೇಕು, ಮುಂಗಡ ಕಟ್ಟಿ ಕಾಯಿರಿ ಅಂತಾರೆ. ಲಾಕ್ ಸೆಟ್ ಪೂರ್ತಿ ಬದಲಿಸಿ ಅಂತಲೂ ಒಂದು ಮಾತು ಸೇರಿಸಿದರು. ಕೀ ಅಂಗಡಿಯವರು "ಇರೋ ಕೀ ಕೊಡಿ, ಅರ್ಧ ಗಂಟೇಲಿ ಇಂಥದ್ದೇ ಇನ್ನೊಂದು ಮಾಡಿಕೊಡ್ತೀನಿ" ಅಂತಾರೆ. ಎರಡರಲ್ಲಿ ಯಾವುದು ಸರಿ? ಕಳೆದ ಕೀ ಇನ್ನು ಮುಂದೆ ಕೆಲಸ ಮಾಡಲ್ಲ ಅಂತ ಖಾತ್ರಿ ಆಗುವುದು ಹೇಗೆ? ಕಾಗದಪತ್ರ ಎಂತ ಬೇಕು? ವಿಷಯ ಬಲ್ಲವರು ಬಿಡಿಸಿ ಹೇಳಿ ಮಾರಾಯ್ರೆ.


ಕೀಲಿಬೆಂಚು, ಶಿವಮೊಗ್ಗ

ಹೊಸ ಕೀ ಮಾಡಿಸುವುದು ಒಂದು ಕೆಲಸ, ಕಳೆದ ಕೀಯನ್ನು ಗಾಡಿಯ ನೆನಪಿನಿಂದ ತೆಗೆಸುವುದು ಬೇರೆ ಕೆಲಸ. ಅರ್ಧ ಗಂಟೆಯಲ್ಲಿ ಇಂಥದ್ದೇ ಕೊಡ್ತೀನಿ ಅಂದವರು ಸಾಮಾನ್ಯವಾಗಿ ಮೊದಲನೆಯದನ್ನಷ್ಟೇ ಮಾಡುತ್ತಾರೆ. ನಿಮಗೆ ಬೇಕಾಗಿರುವುದು ಎರಡನೆಯದು.

ನಿಮ್ಮ ಕೀಯೊಳಗೆ ಮೂರು ಸಾಮಾನು ಇವೆ, ಒಂದರ ಕೆಲಸ ಇನ್ನೊಂದಕ್ಕೆ ಗೊತ್ತಿಲ್ಲ. ಬ್ಲೇಡ್ ಅಂದರೆ ಲೋಹದ ಭಾಗ, ಬಾಗಿಲು ಮತ್ತು ಇಗ್ನಿಷನ್ ಬ್ಯಾರಲ್ (ಕೀ ತೂರಿಸುವ ಬೀಗದ ಕೊಳವೆ) ತಿರುಗಿಸಲು. ಎರಡನೆಯದು ಇಮೊಬಿಲೈಸರ್, ಅಂದರೆ ಗುರುತಿಲ್ಲದ ಕೀಗೆ ಇಂಜಿನ್ ನಡೆಯದಂತೆ ತಡೆಯುವ ವ್ಯವಸ್ಥೆಯ ಚಿಪ್. ಅದಕ್ಕೆ ಸೆಲ್ ಬೇಡ. ಇಗ್ನಿಷನ್ ಸುತ್ತ ಇರುವ ಬಳೆಯಂಥ ಕಾಯಿಲ್ 125 ಕಿಲೋಹರ್ಟ್ಸ್‌ನಲ್ಲಿ ಅದಕ್ಕೆ ಶಕ್ತಿ ಕೊಟ್ಟು ಪ್ರಶ್ನೆ ಕೇಳುತ್ತದೆ, ಚಿಪ್ ಉತ್ತರ ಕೊಡುತ್ತದೆ, ಉತ್ತರ ಹೊಂದಿದರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಇಂಜಿನ್ ನಡೆಯಲು ಬಿಡುತ್ತದೆ. ಮೂರನೆಯದು ರಿಮೋಟ್, ನಮ್ಮ ದೇಶದ ಗಾಡಿಗಳಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್. ಇದಕ್ಕೆ ಸೆಲ್ ಬೇಕು, ಬಾಗಿಲು ಮಾತ್ರ ಇದರ ಕೆಲಸ. ಸೆಲ್ ಸತ್ತರೂ ಗಾಡಿ ಸ್ಟಾರ್ಟ್ ಆಗುವುದು ಇದಕ್ಕೇ. ಬಟನ್ ಒತ್ತಿದರೆ ಬಾಗಿಲು ತೆರೆದು, ಕೀ ತಿರುಗಿಸಿದರೆ ಇಂಜಿನ್ ಹಿಡಿಯದೆ ಇರುವುದೂ ಇದಕ್ಕೇ.

ಕ್ಲೋನ್ ಅಂದರೆ ಇರುವ ಕೀಯ ಚಿಪ್ ಓದಿ, ಅದೇ ಗುರುತನ್ನು ಖಾಲಿ ಚಿಪ್‌ಗೆ ಬರೆಯುವುದು. ಗಾಡಿಯ ಲೆಕ್ಕದಲ್ಲಿ ಹೊಸ ಕೀ ಬಂದೇ ಇಲ್ಲ, ಎರಡೂ ಒಂದೇ ಕೀ. ನಾಳೆ ಆ ಎರಡರಲ್ಲಿ ಒಂದು ಕಳೆದರೆ ಅದೊಂದನ್ನೇ ಅಳಿಸಲು ದಾರಿ ಇಲ್ಲ. ಈಗ ಕಳೆದಿರುವ ಕೀಯಂತೂ ಗಾಡಿಯ ನೆನಪಿನಲ್ಲಿ ಹಾಗೇ ಕೂತಿರುತ್ತದೆ. ಹಳೆಯ ಚಿಪ್‌ಗಳನ್ನು ಅಂಗಡಿ ಮೆಷಿನ್ ಇಷ್ಟು ಸುಲಭವಾಗಿ ಓದಲು ಕಾರಣವೂ ಇದೆ: ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 40 ಬಿಟ್ ಚಿಪ್‌ನ ಗುಟ್ಟು 2005ರಲ್ಲೇ ಒಡೆದಿತ್ತು, ಹಿಟ್ಯಾಗ್-2 ಚಿಪ್‌ನ ದೌರ್ಬಲ್ಯವನ್ನು ಸಂಶೋಧಕರು 2012ರಲ್ಲಿ ವಿವರವಾಗಿ ಪ್ರಕಟಿಸಿದರು. ಆ ಚಿಪ್ ಇರುವ ಗಾಡಿಗಳು ನಮ್ಮ ರಸ್ತೆಯಲ್ಲಿ ಈಗಲೂ ಓಡುತ್ತಿವೆ. ಹಾಗಾಗಿ ಕೀಯನ್ನು ಅಪರಿಚಿತರ ಕೈಗೆ ಕೊಟ್ಟು ಟೀ ಕುಡಿಯಲು ಹೋಗುವುದು ಬೇಡ. ಕೆಲಸ ಕಣ್ಣೆದುರೇ ಆಗಲಿ.

ನೀವು ಕೇಳಬೇಕಾದ್ದು ಓಬಿಡಿ ಪೋರ್ಟ್ (ಗಾಡಿಯ ದೋಷ ಪತ್ತೆಗೆ ಇರುವ ಸಾಕೆಟ್) ಮೂಲಕ ಪ್ರೋಗ್ರಾಮಿಂಗ್. ಗಾಡಿಯನ್ನೇ ಅಂಗಡಿಗೆ ಒಯ್ಯಬೇಕು, ಇರುವ ಕೀ ಜೊತೆಗಿರಬೇಕು. ಕ್ರಮ ಹೀಗೆ: ಸ್ಟೀರಿಂಗ್ ಕೆಳಗಿನ 16 ಪಿನ್ ಪೋರ್ಟ್‌ಗೆ ಸ್ಕ್ಯಾನರ್ ಹಾಕಿ, ಇಮೊಬಿಲೈಸರ್ ಮೆನುವಿನಲ್ಲಿ ಈಗ ಎಷ್ಟು ಕೀ ನೋಂದಣಿ ಆಗಿವೆ ಅಂತ ಓದಿಸಿ. ಎರಡು ಅಂತ ತೋರಿಸಬೇಕು. ಮೂರೋ ನಾಲ್ಕೋ ತೋರಿಸಿದರೆ ನಿಮಗೆ ಗೊತ್ತಿಲ್ಲದ ಕೀ ಹೊರಗಿದೆ ಅಂತ ಅರ್ಥ. ಆಮೇಲೆ ಪಿನ್ ಅಥವಾ ಸೆಕ್ಯುರಿಟಿ ಕೋಡ್ ಕೊಟ್ಟು, ಇರುವ ಎಲ್ಲ ಕೀಗಳನ್ನು ಅಳಿಸಿ, ಕೈಯಲ್ಲಿರುವ ಹಳೆಯ ಕೀ ಮತ್ತು ಹೊಸ ಕೀಯನ್ನು ಒಂದಾದ ಮೇಲೆ ಒಂದರಂತೆ ಇಗ್ನಿಷನ್‌ಗೆ ಹಾಕಿ ಆನ್ ಮಾಡಿ ಕಲಿಸುವುದು. ಹುಂಡೈ ಗಾಡಿಗಳಲ್ಲಿ ಆರು ಅಂಕಿಯ ಪಿನ್ ಕೊಟ್ಟು ಕೀ ಕಲಿಸುವಾಗ ಆ ಸರದಿಯಲ್ಲಿ ತೋರಿಸದ ಕೀ ತಾನಾಗಿ ಹೊರಗೆ ಬೀಳುತ್ತದೆ. ಬೇರೆ ಕೆಲವು ಗಾಡಿಗಳಲ್ಲಿ "ಸೇರಿಸು" ಮತ್ತು "ಎಲ್ಲ ಅಳಿಸು" ಬೇರೆ ಬೇರೆ ಮೆನು. ಬರೀ "ಸೇರಿಸು" ಒತ್ತಿದರೆ ಕಳೆದ ಕೀ ಉಳಿದೇ ಬಿಡುತ್ತದೆ. ಕೆಲಸ ಮುಗಿದ ಮೇಲೆ ಸಂಖ್ಯೆ ಮತ್ತೆ ಓದಿಸಿ ಆ ಪರದೆಯ ಫೋಟೋ ತೆಗೆದುಕೊಳ್ಳಿ. ಒಂದು ಕಳೆದು ಒಂದು ಸೇರಿದ್ದರಿಂದ ಈಗಲೂ ಎರಡೇ ಇರಬೇಕು. ಮೂರು ಇದ್ದರೆ ಕೆಲಸ ಆಗಿಲ್ಲ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಹಲವು ಗಾಡಿಗಳಲ್ಲಿ ರಿಮೋಟ್‌ನ ನೋಂದಣಿ ಚಿಪ್‌ನ ನೋಂದಣಿಯಿಂದ ಬೇರೆ. ಚಿಪ್ ಅಳಿಸಿದರೂ ಕಳೆದ ಕೀಯ ಬಟನ್ ಒತ್ತಿದರೆ ಬಾಗಿಲು ತೆರೆದೀತು. ರಿಮೋಟ್ ಮೆನುವಿಗೂ ಹೋಗಿ ಅಲ್ಲಿಯೂ ಎಲ್ಲ ಅಳಿಸಿ ಮತ್ತೆ ಕಲಿಸಲು ಹೇಳಿ.

ಉಳಿಯುವುದು ಬ್ಲೇಡ್. ಸ್ಕ್ಯಾನರ್‌ನಿಂದ ಬ್ಲೇಡ್ ಅಳಿಸಲಾಗದು. ಕಳೆದ ಕೀ ಸಿಕ್ಕವರು ಇಂಜಿನ್ ಸ್ಟಾರ್ಟ್ ಮಾಡಲಾರರು, ಆದರೆ ಬಾಗಿಲು ತೆರೆದು ಒಳಗಿರುವುದನ್ನು ಒಯ್ಯಬಲ್ಲರು. ಗಾಡಿ ಮನೆ ಅಂಗಳದಲ್ಲೇ ನಿಲ್ಲುತ್ತದೆ, ಒಳಗೆ ಬೆಲೆಬಾಳುವುದು ಇಡುವುದಿಲ್ಲ ಅಂದರೆ ಇಷ್ಟಕ್ಕೇ ನಿಲ್ಲಿಸಬಹುದು. ಪೇಟೆಯಲ್ಲಿ ರಾತ್ರಿ ನಿಲ್ಲಿಸುವ ಗಾಡಿಯಾದರೆ ಡ್ರೈವರ್ ಬಾಗಿಲಿನ ಬ್ಯಾರಲ್ ಬಿಚ್ಚಿ ಒಳಗಿನ ತಗಡಿನ ಬಿಲ್ಲೆಗಳಾದ ವೇಫರ್‌ಗಳ ಜಾಗ ಬದಲಿಸಬಹುದು, ಅಥವಾ ಲಾಕ್ ಸೆಟ್ ಹಾಕಿಸಬಹುದು. ಸೆಟ್ ಅಂದರೆ ಇಗ್ನಿಷನ್, ಬಾಗಿಲು, ಗಾಡಿಗೆ ತಕ್ಕಂತೆ ಡಿಕ್ಕಿ ಮತ್ತು ಪೆಟ್ರೋಲ್ ಮುಚ್ಚಳ. ಸರ್ವಿಸ್ ಸೆಂಟರ್‌ನವರು ಹೇಳಿದ್ದು ತಪ್ಪಲ್ಲ, ಆದರೆ ಎಲ್ಲರಿಗೂ ಬೇಕಿಲ್ಲ. ಲಾಕ್ ಸೆಟ್ ಬದಲಿಸಿದ ಮಾತ್ರಕ್ಕೆ ಹಳೆಯ ಚಿಪ್ ಅಳಿಯುವುದಿಲ್ಲ ಅನ್ನುವುದೂ ನೆನಪಿರಲಿ.

ಅಂಗಡಿಯಲ್ಲೋ ಸರ್ವಿಸ್ ಸೆಂಟರ್‌ನಲ್ಲೋ ಅನ್ನುವುದಕ್ಕಿಂತ ಈ ನಾಲ್ಕು ಪ್ರಶ್ನೆ ಕೇಳಿ: ಕ್ಲೋನೋ ಪ್ರೋಗ್ರಾಮಿಂಗೋ? ಮೊದಲು ಮತ್ತು ಆಮೇಲೆ ಕೀ ಸಂಖ್ಯೆ ತೋರಿಸುತ್ತೀರಾ? ರಿಮೋಟ್‌ನ್ನೂ ಅಳಿಸುತ್ತೀರಾ? ಬಿಲ್‌ನಲ್ಲಿ ಚಾಸಿ ನಂಬರ್ ಬರೆಯುತ್ತೀರಾ? ಮೊದಲನೆಯದಕ್ಕೆ ಪ್ರೋಗ್ರಾಮಿಂಗ್, ಉಳಿದ ಮೂರಕ್ಕೂ ಹೌದು ಅನ್ನುವವರ ಹತ್ತಿರ ಮಾಡಿಸಿ.


ಗದ್ದೆಬದಿ, ಹೊಸನಗರ

ಒಂದು ಸಂಶಯ. ಹೀಗೆ ಅಳಿಸಿದ ಮೇಲೆ ಕಳೆದ ಕೀ ತೋಟದಲ್ಲೇ ಸಿಕ್ಕಿದರೆ ಮತ್ತೆ ಉಪಯೋಗಕ್ಕೆ ಬರುತ್ತದಾ, ಎಸೆಯಬೇಕಾ?


ಕೀಲಿಬೆಂಚು, ಶಿವಮೊಗ್ಗ

ಬರುತ್ತದೆ. ಹಲವು ಚಿಪ್‌ಗಳು ಒಮ್ಮೆ ಒಂದು ಗಾಡಿಗೆ ಕಲಿತ ಮೇಲೆ ಬೀಗ ಬಿದ್ದು ಬೇರೆ ಗಾಡಿಗೆ ಒಗ್ಗುವುದಿಲ್ಲ, ಆದರೆ ಅದೇ ಗಾಡಿಗೆ ಮತ್ತೆ ಕಲಿಸಬಹುದು. ಉಳಿದ ಕೀಗಳನ್ನೂ ಜೊತೆಗೆ ಒಯ್ಯಿರಿ, ಒಂದನ್ನು ಮನೆಯಲ್ಲಿ ಬಿಟ್ಟು ಹೋದರೆ ಆ ಸರದಿಯಲ್ಲಿ ಅದೇ ಹೊರಗೆ ಬಿದ್ದೀತು. ಗುಜರಿಯಲ್ಲೋ ಆನ್‌ಲೈನ್‌ನಲ್ಲೋ ಸಿಗುವ ಹಳೆಯ ಕೀ ಕೊಂಡು "ನಮ್ಮ ಗಾಡಿಗೆ ಹಾಕಿಕೊಡಿ" ಅಂದರೆ ಆಗದಿರುವುದೂ ಈ ಬೀಗದಿಂದಲೇ.


ಬೋರ್ಡ್ ರಿಪೇರಿ, ಸಾಗರ

ಕೀಲಿಬೆಂಚು ಅವರು ಹೇಳಿದ ಕ್ರಮ ಸರಿ. ಆ ಕ್ರಮದಲ್ಲಿ ಎಲ್ಲಿ ಎಡವುತ್ತದೆ ಅನ್ನುವುದನ್ನು ಸೇರಿಸುತ್ತೇನೆ, ಏಕೆಂದರೆ ಬೆಂಚಿಗೆ ಬರುವ ಕೆಟ್ಟ ಬಾಡಿ ಕಂಟ್ರೋಲ್ ಯೂನಿಟ್, ಅಂದರೆ ಬಿಸಿಎಂಗಳಲ್ಲಿ ಹೆಚ್ಚಿನವು ತಡೆಯಬಹುದಾಗಿದ್ದವು.

ಮೊದಲು ಗಾಡಿಯ ಬ್ಯಾಟರಿ. ಇಂಜಿನ್ ನಿಂತು ಸ್ವಲ್ಪ ಹೊತ್ತಾದ ಮೇಲೆ ಮೀಟರ್‌ನಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು. 12ಕ್ಕಿಂತ ಕೆಳಗಿದ್ದರೆ ಪ್ರೋಗ್ರಾಮಿಂಗ್ ಶುರು ಮಾಡಲೇಬಾರದು. ಇಗ್ನಿಷನ್ ಆನ್ ಇಟ್ಟು ಇಂಜಿನ್ ನಿಲ್ಲಿಸಿ ಮಾಡುವ ಕೆಲಸ ಇದು; ಹೆಡ್‌ಲೈಟ್, ಬ್ಲೋವರ್, ಸ್ಟೀರಿಯೋ ಎಲ್ಲ ಆಫ್ ಇರಲಿ. ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್‌ನಲ್ಲಿ ನಿಂತ ಗಾಡಿಯಾದರೆ ಸ್ಥಿರ ವೋಲ್ಟೇಜ್ ಕೊಡುವ ಚಾರ್ಜರ್ ಹಚ್ಚಿಯೇ ಕೂರಬೇಕು. ಬರೆಯುವ ನಡುವೆ ವೋಲ್ಟೇಜ್ ಕುಸಿದರೆ ಹಳೆಯ ಕೀ ಅಳಿದು ಹೊಸದು ಸೇರದೆ ಗಾಡಿ ಅಲ್ಲೇ ನಿಲ್ಲಬಹುದು. ಆಮೇಲೆ ಕೆಲವೊಮ್ಮೆ ಯೂನಿಟ್ ಬಿಚ್ಚಿ, ಒಳಗಿನ ಮೆಮೊರಿ ಐಸಿಯನ್ನು ನೇರವಾಗಿ ಓದಿ ಸರಿ ಮಾಡುವ ದಾರಿಯೊಂದೇ ಉಳಿಯುವುದು.

ಎರಡನೆಯದು ನಮ್ಮ ಮಲೆನಾಡಿಗೆ ವಿಶೇಷ: ನೆಟ್‌ವರ್ಕ್. ಈಗಿನ ಪ್ರೋಗ್ರಾಮಿಂಗ್ ಟೂಲ್‌ಗಳಲ್ಲಿ ಹಲವು ಪಿನ್ ಲೆಕ್ಕವನ್ನು ಸರ್ವರ್‌ನಿಂದ ತರಿಸುತ್ತವೆ. ವೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳಲ್ಲಿ ನಾಲ್ಕನೇ ತಲೆಮಾರಿನ ಇಮೊಬಿಲೈಸರ್‌ನಿಂದೀಚೆಗೆ ಕೀ ಮಾಹಿತಿ ಜರ್ಮನಿಯ ಫಾಜಿಟ್ ದತ್ತಾಂಶದಲ್ಲಿರುತ್ತದೆ, ಅಧಿಕೃತ ದಾರಿಯಲ್ಲಿ ಆನ್‌ಲೈನ್ ಇಲ್ಲದೆ ಕೀ ಸೇರುವುದೇ ಇಲ್ಲ. ಆಗುಂಬೆ ಕಡೆಯ ಮನೆಗೋ, ನಗರದ ಆಚೆಯ ಎಸ್ಟೇಟಿಗೋ ಟೆಕ್ನೀಷಿಯನ್‌ನ್ನು ಕರೆಸುವ ಮುಂಚೆ ಅಲ್ಲಿ ಯಾವ ಸಿಮ್‌ಗೆ ಸಿಗ್ನಲ್ ಇದೆ ಅಂತ ಹೇಳಿಬಿಡಿ. ಮನೆಯ ಫೈಬರ್ ವೈಫೈ ಅಂಗಳದವರೆಗೆ ಬಂದರೆ ಸಾಕು. ಕರೆಂಟ್ ಹೋದರೆ ವೈಫೈಯೂ ಹೋಗುತ್ತದೆ, ಆದ್ದರಿಂದ ರೂಟರ್‌ಗೆ ಯುಪಿಎಸ್ ಇರಲಿ. ಗಾಡಿ ಓಡುವ ಸ್ಥಿತಿಯಲ್ಲಿದ್ದರೆ ಸಿಗ್ನಲ್ ಇರುವ ಊರಿಗೆ ಒಯ್ಯುವುದೇ ಲೇಸು.

ಪಿನ್ ಊಹಿಸಿ ಒತ್ತುವ ಕೈಗಳಿಂದ ದೂರ ಇರಿ. ಕೆಲವು ಸಲ ತಪ್ಪು ಪಿನ್ ಬಿದ್ದರೆ ಇಮೊಬಿಲೈಸರ್ ತಾನೇ ಬಾಗಿಲು ಹಾಕಿಕೊಳ್ಳುತ್ತದೆ, ಹಲವು ಗಾಡಿಗಳಲ್ಲಿ ಇಗ್ನಿಷನ್ ಆನ್ ಇಟ್ಟೇ ಕಾಯಬೇಕು. ಆ ಹೊತ್ತಿನಲ್ಲಿ ಬ್ಯಾಟರಿ ಇಳಿಯುತ್ತದೆ, ಮೇಲೆ ಹೇಳಿದ ತಾಪತ್ರಯ ಹಿಂದೆಯೇ ಬರುತ್ತದೆ.

ಕೀ ಬ್ಲ್ಯಾಂಕ್ ಆನ್‌ಲೈನ್‌ನಲ್ಲಿ (ಇನ್ನೂ ಕಟ್ ಮಾಡದ, ಕಲಿಸದ ಖಾಲಿ ಕೀ) ತರಿಸುವವರು ಮೂರು ವಿಷಯ ಹೊಂದಿಸಿ: ಆವರ್ತನ, ಚಿಪ್ ಜಾತಿ, ಬ್ಲೇಡ್ ಮಾದರಿ. ಅಮೆರಿಕ, ಜಪಾನ್ ಮಾರುಕಟ್ಟೆಯ ಎಷ್ಟೋ ರಿಮೋಟ್‌ಗಳು 315 ಮೆಗಾಹರ್ಟ್ಸ್‌ನವು. ಹೊರಗಿನಿಂದ ಒಂದೇ ಥರ ಕಾಣುತ್ತವೆ, ಇಲ್ಲಿನ ಗಾಡಿ ಅವುಗಳ ಮಾತು ಕೇಳಿಸಿಕೊಳ್ಳುವುದಿಲ್ಲ. ಚಿಪ್‌ನಲ್ಲಿ 46, 47, 48, 4ಡಿ ಅಂತ ಜಾತಿ ಬೇರೆ ಬೇರೆ; 46 ಇದ್ದ ಕಡೆ 47 ಹಾಕಿದರೆ ಸ್ಕ್ಯಾನರ್ ಎಷ್ಟು ಸಲ ಪ್ರಯತ್ನಿಸಿದರೂ ವಿಫಲ ಅಂತಲೇ ಹೇಳುತ್ತದೆ. ಇರುವ ಕೀಯನ್ನು ಚಿಪ್ ರೀಡರ್ ಮೇಲಿಟ್ಟು ಜಾತಿ ಓದಿಸಿ, ಆಮೇಲೆ ಆರ್ಡರ್ ಮಾಡಿ.

ಹಳೆಯ ಕೀಯ ಹೊರಕವಚ ಸವೆದು ಫ್ಲಿಪ್ ಕವರ್ ಹಾಕಿಸುವವರಿಗೂ ಒಂದು ಮಾತು. ಎಷ್ಟೋ ಕೀಗಳಲ್ಲಿ ಚಿಪ್ ಅನ್ನುವುದು ಹೆಸರುಕಾಳಿಗಿಂತ ದೊಡ್ಡ ಕಪ್ಪು ತುಂಡು, ಸರ್ಕ್ಯೂಟ್ ಬೋರ್ಡಿಗೆ ಅಂಟಿಕೊಂಡಿರದೆ ಕವಚದ ಗೂಡಿನಲ್ಲಿ ಬೇರೆಯೇ ಕೂತಿರುತ್ತದೆ. ಬೋರ್ಡ್ ಮಾತ್ರ ಹೊಸ ಕವರಿಗೆ ಹಾಕಿ ಹಳೆಯ ಕವಚ ಕಸಕ್ಕೆ ಎಸೆದರೆ ಚಿಪ್ ಅದರ ಜೊತೆಗೇ ಹೋಯಿತು. ಬಟನ್ ಕೆಲಸ ಮಾಡುತ್ತದೆ, ಬ್ಲೇಡ್ ತಿರುಗುತ್ತದೆ, ಗಾಡಿ ಹಿಡಿಯುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತದೆ. ಹಳೆಯ ಕವಚವನ್ನು ಹೊಸ ಕೀಯಿಂದ ಇಂಜಿನ್ ಸ್ಟಾರ್ಟ್ ಆಗುವವರೆಗೆ ಎಸೆಯಬೇಡಿ.

ನೀರಿಗೆ ಬಿದ್ದ ಕೀ: ಕೂಡಲೇ ಬಿಚ್ಚಿ ಸೆಲ್ ತೆಗೆಯಿರಿ, ಬಟನ್ ಒತ್ತಿ ನೋಡಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆತ್ತನೆ ಬ್ರಷ್‌ನಿಂದ ಬೋರ್ಡ್ ತೊಳೆದು ನೆರಳಿನಲ್ಲಿ ಒಣಗಿಸಿ. ಅಡಿಕೆ ಬೇಯಿಸುವ ಒಲೆ ಪಕ್ಕ ಇಟ್ಟರೆ ಕವಚ ಸೊಟ್ಟಗಾಗುತ್ತದೆ. ಹೊಸ ಸೆಲ್ ಹಾಕುವಾಗ ಹಳೆಯದರ ನಂಬರ್ ನೋಡಿಯೇ ತನ್ನಿ: ಸಿಆರ್ 2032 ಅಂದರೆ 20 ಮಿಲಿಮೀಟರ್ ಅಗಲ, 3.2 ದಪ್ಪ. 2025 ಅಷ್ಟೇ ಅಗಲ, ದಪ್ಪ 2.5. ಅದನ್ನು 2032ರ ಜಾಗಕ್ಕೆ ಹಾಕಿದರೆ ಘಾಟಿ ರಸ್ತೆಯ ಕುಲುಕಿಗೆ ಸಂಪರ್ಕ ತಪ್ಪುತ್ತದೆ. ಮೀಟರ್‌ನಲ್ಲಿ 2.8 ವೋಲ್ಟ್‌ಗಿಂತ ಕೆಳಗಿರುವ ಸೆಲ್ ಮಳೆಗಾಲದ ಚಳಿಯಲ್ಲಿ ಕೈಕೊಡುತ್ತದೆ, ಬದಲಿಸಿಬಿಡಿ.


ದಾಖಲೆಪತ್ರ, ಭದ್ರಾವತಿ

ಕಾಗದದ ವಿಷಯಕ್ಕೆ ಬರುತ್ತೇನೆ.

ಕೀ ಕಳೆದದ್ದಕ್ಕೆ ಒಂದು ದಾಖಲೆ ಮಾಡಿಸಿ. ಬರೀ ಕಳೆದಿದ್ದರೆ ಕರ್ನಾಟಕ ಪೊಲೀಸ್ ಇಲಾಖೆಯ ಇ-ಲಾಸ್ಟ್ ವ್ಯವಸ್ಥೆಯಲ್ಲಿ ದಾಖಲಿಸಿ ಸ್ವೀಕೃತಿ ಪಡೆಯಬಹುದು, ಅಥವಾ ಠಾಣೆಯಲ್ಲಿ ಬರೆದುಕೊಟ್ಟು ಸೀಲ್ ಹಾಕಿಸಿಕೊಳ್ಳಬಹುದು. ಬ್ಯಾಗ್ ಸಮೇತ ಕಳವಾಗಿದ್ದರೆ ಅದು ಕಳವು, ಎಫ್‌ಐಆರ್ ಆಗಬೇಕು. ದೂರಿನಲ್ಲಿ ಗಾಡಿ ನಂಬರ್, ಚಾಸಿ ನಂಬರ್, ಕಳೆದದ್ದು ಗೊತ್ತಾದ ದಿನ, ಎಷ್ಟು ಕೀ ಉಳಿದಿವೆ ಅನ್ನುವುದು ಇರಲಿ.

ಇದಕ್ಕೇಕೆ ಇಷ್ಟು ಒತ್ತು ಅಂದರೆ, ಮುಂದೆ ಗಾಡಿ ಕಳವಾಗಿ ವಿಮೆ ಕೇಳಲು ಹೋದಾಗ ಕಂಪನಿಯವರು ಎಲ್ಲ ಕೀಗಳನ್ನೂ ಒಪ್ಪಿಸಿ ಅನ್ನುತ್ತಾರೆ. ಒಂದೇ ಕೊಟ್ಟು "ಇನ್ನೊಂದು ಹಿಂದೆಯೇ ಕಳೆದಿತ್ತು" ಅಂದರೆ ತನಿಖೆ ಅಲ್ಲಿಗೇ ಸಿಕ್ಕಿಹಾಕಿಕೊಳ್ಳುತ್ತದೆ. ಆ ದಿನದ ಸ್ವೀಕೃತಿ, ಹೊಸ ಕೀಯ ಬಿಲ್, ಕಳೆದ ಕೀ ಅಳಿಸಿದ ಫೋಟೋ, ವಿಮಾ ಕಂಪನಿಗೆ ಆಗಲೇ ಕಳಿಸಿದ ಒಂದು ಇಮೇಲ್, ಈ ನಾಲ್ಕು ಕೈಯಲ್ಲಿದ್ದರೆ ಮಾತಿಗೆ ಬಲ ಬರುತ್ತದೆ.

ಪಾಲಿಸಿಯ ಆಡ್-ಆನ್ ಪಟ್ಟಿ ತೆಗೆದು ನೋಡಿ. ಕೀ ಬದಲಾವಣೆಯ ರಕ್ಷಣೆ ಅಂತ ಬೇರೆ ಆಡ್-ಆನ್ ಇರುತ್ತದೆ. ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದ ವಿಮೆ) ತೆಗೆದುಕೊಂಡಿದ್ದೀರಿ ಅಂದ ಮಾತ್ರಕ್ಕೆ ಇದು ಸೇರಿರುತ್ತದೆ ಅಂತ ಇಲ್ಲ. ಇದ್ದರೆ ಕೆಲಸ ಮಾಡಿಸುವ ಮುಂಚೆಯೇ ಕಂಪನಿಗೆ ತಿಳಿಸಿ. ಮಾಡಿಸಿದ ಮೇಲೆ ಹೇಳಿದರೆ ತಕರಾರು ತೆಗೆಯುತ್ತಾರೆ. ಬಿಲ್‌ನಲ್ಲಿ ಕೀ ಬ್ಲ್ಯಾಂಕ್, ಕಟಿಂಗ್, ಪ್ರೋಗ್ರಾಮಿಂಗ್, ಲಾಕ್ ಸೆಟ್ ಬೇರೆ ಬೇರೆ ಸಾಲಿನಲ್ಲಿರಲಿ.

ಕೀ ಮಾಡಿಸಲು ಹೋಗುವಾಗ ಆರ್‌ಸಿ, ಮಾಲೀಕರ ಫೋಟೋ ಇರುವ ಗುರುತಿನ ಚೀಟಿ, ಚಾಲ್ತಿಯಲ್ಲಿರುವ ವಿಮೆ, ಪೊಲೀಸ್ ಸ್ವೀಕೃತಿ. ಆರ್‌ಸಿ ಡಿಜಿಲಾಕರ್‌ನಲ್ಲಿದ್ದರೆ ಅಲ್ಲೇ ತೆರೆದು ತೋರಿಸಿ, ಸ್ಕ್ರೀನ್‌ಶಾಟ್ ಸಾಲದು. ಮಾಲೀಕರು ಬೆಂಗಳೂರಿನಲ್ಲಿದ್ದು ಊರಿನಲ್ಲಿರುವ ತಂದೆಯೋ ತಮ್ಮನೋ ಗಾಡಿ ತಂದಿದ್ದರೆ ಸಹಿ ಮಾಡಿದ ಅನುಮತಿ ಪತ್ರ, ಮಾಲೀಕರ ಗುರುತಿನ ಪ್ರತಿ, ತಂದವರ ಗುರುತಿನ ಪ್ರತಿ. ಇಷ್ಟೆಲ್ಲ ಕೇಳುವ ಅಂಗಡಿಯ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಏನೂ ಕೇಳದೆ ಕೀ ಮಾಡಿಕೊಡುವವರು ನಿಮ್ಮ ಗಾಡಿಗೂ ಬೇರೆಯವರಿಗೆ ಹಾಗೇ ಮಾಡಿಕೊಟ್ಟಾರು.


ತುಂಗಾತೀರ, ತೀರ್ಥಹಳ್ಳಿ

ಬಹಳ ಉಪಕಾರ ಆಯಿತು. ಕ್ಲೋನ್ ಬೇಡ, ಪ್ರೋಗ್ರಾಮಿಂಗೇ ಮಾಡಿಸುತ್ತೇವೆ, ಇ-ಲಾಸ್ಟ್ ಮೊದಲು. ಇದರ ಜೊತೆಗೆ ಇನ್ನೊಂದು. ಮನೆಯಲ್ಲಿ ಅಣ್ಣನದ್ದು ಪುಶ್ ಬಟನ್ ಗಾಡಿ ಇದೆ, ಕೀ ಜೇಬಿನಲ್ಲಿದ್ದರೆ ಬಾಗಿಲು ತಾನೇ ತೆರೆಯುವಂಥದ್ದು. ಅದರ ಎರಡೂ ಕೀ ಕಳೆದರೆ ಎಂತ ಮಾಡುವುದು? ದೂರದಿಂದಲೇ ಕೀ ಸಿಗ್ನಲ್ ಕದಿಯುತ್ತಾರೆ ಅಂತ ಓದಿದ್ದೆ, ಅದು ಎಷ್ಟು ನಿಜ?


ಬೋರ್ಡ್ ರಿಪೇರಿ, ಸಾಗರ

ನಿಜ, ಮತ್ತು ಹೊಸದಲ್ಲ. ಜ್ಯೂರಿಕ್‌ನ ಇಟಿಎಚ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 8 ತಯಾರಕರ 10 ಮಾದರಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಗಾಡಿ ಕಡಿಮೆ ಆವರ್ತನದಲ್ಲಿ "ಕೀ ಹತ್ತಿರ ಇದೆಯಾ" ಅಂತ ಕೂಗುತ್ತದೆ, ಆ ಕೂಗು ಒಂದೆರಡು ಮೀಟರ್ ಮಾತ್ರ ಕೇಳುತ್ತದೆ. ಕಳ್ಳರು ಒಂದು ಪೆಟ್ಟಿಗೆಯನ್ನು ಗಾಡಿ ಬಳಿ, ಇನ್ನೊಂದನ್ನು ಮನೆ ಗೋಡೆಯ ಬಳಿ ಹಿಡಿದು ಆ ಕೂಗನ್ನು ಒಳಗಿರುವ ಕೀಯವರೆಗೆ ದಾಟಿಸುತ್ತಾರೆ. ಕೀ ನಿಷ್ಠೆಯಿಂದ ಉತ್ತರ ಕೊಡುತ್ತದೆ. ಗುಪ್ತ ಸಂಕೇತವನ್ನು ಒಡೆಯುವ ಪ್ರಮೇಯವೇ ಇಲ್ಲಿ ಇಲ್ಲ, ಹಾಗಾಗಿ ಸಂಕೇತ ಎಷ್ಟು ಬಲವಾಗಿದ್ದರೂ ಪ್ರಯೋಜನ ಇಲ್ಲ.

ಮಾಡಬಹುದಾದ್ದು: ಗಾಡಿಯ ಸೆಟ್ಟಿಂಗ್‌ನಲ್ಲಿ ತಾನಾಗಿ ತೆರೆಯುವ ಸೌಲಭ್ಯ ಆಫ್ ಮಾಡಲು ಬರುತ್ತದೆಯೇ ನೋಡಿ, ಬಂದರೆ ಆಫ್ ಮಾಡಿ, ಬಟನ್ ಒತ್ತಿಯೇ ತೆರೆಯಿರಿ. ಕೆಲವು ಹೊಸ ಕೀಗಳು ಅಲುಗಾಡದೆ ಸ್ವಲ್ಪ ಹೊತ್ತು ಇದ್ದರೆ ನಿದ್ದೆಗೆ ಹೋಗುತ್ತವೆ, ಆ ಜಾತಿಯದ್ದಾದರೆ ಒಳ್ಳೆಯದು. ರಾತ್ರಿ ಕೀಯನ್ನು ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿಡಿ. ಡಬ್ಬಿ ಸರಿಯಿದೆಯಾ ಅಂತ ನೋಡಲು ಕೀ ಒಳಗಿಟ್ಟು ಡಬ್ಬಿಯನ್ನೇ ಹಿಡಿದು ಡ್ರೈವರ್ ಬಾಗಿಲ ಹತ್ತಿರ ನಿಂತು ಹಿಡಿಕೆ ಮುಟ್ಟಿ. ತೆರೆದರೆ ಆ ಡಬ್ಬಿ ಬೇಡ. ಎರಡನೇ ಕೀಯೂ ಡಬ್ಬಿಯಲ್ಲೇ ಇರಬೇಕು, ಅದನ್ನೇ ಜನ ಬೀರುವಿನಲ್ಲಿ ಮರೆಯುವುದು. ಸ್ಟೀರಿಂಗ್‌ಗೆ ಹಾಕುವ ಕಬ್ಬಿಣದ ಲಾಕ್ ಹಳೆಯದಾದರೂ ಈಗಲೂ ಕಳ್ಳರಿಗೆ ಹೊತ್ತು ತಿನ್ನಿಸುತ್ತದೆ.

ಓಬಿಡಿ ಪೋರ್ಟ್‌ಗೂ ಲೋಹದ ಮುಚ್ಚಳದ ಲಾಕ್ ಸಿಗುತ್ತದೆ. ಗಾಜು ಒಡೆದು ಒಳಗೆ ಬಂದವರು ಅದೇ ಪೋರ್ಟ್‌ಗೆ ಟೂಲ್ ಹಾಕಿ ತಮ್ಮ ಕೀ ಸೇರಿಸಿಕೊಳ್ಳುವ ದಾರಿ ಅದರಿಂದ ನಿಧಾನವಾಗುತ್ತದೆ. ಇಂಧನ ಪಂಪ್‌ಗೆ ಗುಪ್ತ ಸ್ವಿಚ್ ಹಾಕಿಸುವವರೂ ಇದ್ದಾರೆ, ಆದರೆ ವೈರ್ ಕತ್ತರಿಸಿ ಟೇಪ್ ಸುತ್ತಿದ ಜೋಡಣೆ ನಮ್ಮ ಮಳೆಗೆ ಹಸಿರುಗಟ್ಟಿ ಘಾಟಿಯ ತಿರುವಿನಲ್ಲಿ ಇಂಜಿನ್ ನಿಲ್ಲಿಸುತ್ತದೆ. ಹಾಕಿಸುವುದಾದರೆ ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ತೊಡಿಸಿದ, ಫ್ಯೂಸ್ ಇರುವ ಜೋಡಣೆಯೇ ಆಗಲಿ. ವಾರಂಟಿ ಇರುವ ಗಾಡಿಗೆ ಬೇಡವೇ ಬೇಡ.

ಸ್ಮಾರ್ಟ್ ಕೀಯ ಸೆಲ್ ಸತ್ತಾಗ ಗಾಬರಿಯಾಗಬೇಡಿ. ಒಳಗೆ ಅಡಗಿರುವ ಬ್ಲೇಡ್ ಎಳೆದು ಬಾಗಿಲು ತೆರೆಯಿರಿ, ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿ. ಕೆಲವು ಮಾದರಿಯಲ್ಲಿ ತಾಗಿಸುವ ಜಾಗ ಸ್ಟೀರಿಂಗ್ ಕಾಲಮ್‌ನಲ್ಲೋ ಕಪ್ ಇಡುವ ಗೂಡಿನಲ್ಲೋ ಇರುತ್ತದೆ, ಗಾಡಿಯ ಕೈಪಿಡಿಯಲ್ಲಿ ಚಿತ್ರ ಇದೆ. ಈಗಲೇ ಒಮ್ಮೆ ನೋಡಿಟ್ಟುಕೊಳ್ಳಿ.


ಕೀಲಿಬೆಂಚು, ಶಿವಮೊಗ್ಗ

ಎಲ್ಲ ಕೀ ಕಳೆದ ಸ್ಥಿತಿಗೆ ನಾನು ಉತ್ತರಿಸುತ್ತೇನೆ. ಒಂದು ಕೀ ಇದ್ದಾಗ ಮಾಡುವ ಕೆಲಸಕ್ಕೂ ಒಂದೂ ಇಲ್ಲದಾಗ ಮಾಡುವ ಕೆಲಸಕ್ಕೂ ಅಜಗಜಾಂತರ. ಹಲವು ಮಾದರಿಗಳಲ್ಲಿ ಇರುವ ಕೀಯೇ ಹೊಸ ಕೀಗೆ ಸಾಕ್ಷಿ ಹೇಳುತ್ತದೆ. ಹಳೆಯ ಟೊಯೋಟಾಗಳಲ್ಲಿ ಕಪ್ಪು ತಲೆಯ ಮಾಸ್ಟರ್ ಕೀ ಇದ್ದರೆ ಹೊಸದು ಸೇರಿಸುವುದು ಸಲೀಸು, ಬೂದು ತಲೆಯ ಕೀ ಒಂದರಿಂದಲೇ ಆಗದು. ಒಂದೂ ಇಲ್ಲದಿದ್ದರೆ ಪಿನ್ ತಯಾರಕರಿಂದ ತರಿಸಬೇಕು ಇಲ್ಲವೇ ಇಮೊಬಿಲೈಸರ್ ಯೂನಿಟ್ ಬಿಚ್ಚಿ ಮೆಮೊರಿ ಓದಬೇಕು. ಬ್ಲೇಡ್ ಕಟ್ ಮಾಡಲು ಮಾದರಿ ಕೀ ಇಲ್ಲ, ಆದ್ದರಿಂದ ಕೀ ನಂಬರ್ ಬೇಕು. ಅದೂ ಇಲ್ಲದಿದ್ದರೆ ಬಾಗಿಲ ಬ್ಯಾರಲ್‌ಗೆ ಡಿಕೋಡರ್ ಹಾಕಿ ವೇಫರ್‌ಗಳ ಎತ್ತರ ಒಂದೊಂದಾಗಿ ಓದಬೇಕು.

ಗಾಡಿ ಕದಲಿಸುವುದೂ ತೊಂದರೆ. ಸ್ಟೀರಿಂಗ್ ಲಾಕ್ ಬಿದ್ದಿರುತ್ತದೆ, ಹಗ್ಗ ಕಟ್ಟಿ ಎಳೆಯಲಾಗದು, ಪೂರ್ತಿ ಗಾಡಿಯನ್ನು ಮೇಲೆ ಹೊರುವ ಫ್ಲಾಟ್‌ಬೆಡ್ ಬೇಕು. ಆಟೊಮ್ಯಾಟಿಕ್ ಆದರೆ ಗೇರ್ ಪಾರ್ಕ್‌ನಲ್ಲಿ ಸಿಕ್ಕಿಕೊಂಡಿರುತ್ತದೆ. ಸ್ಟೀರಿಂಗ್ ಲಾಕ್‌ನ್ನು ಬಲವಂತವಾಗಿ ಮುರಿದರೆ ಬಿಲ್ ಕೀಯ ಬಿಲ್‌ಗಿಂತ ದೊಡ್ಡದಾಗುತ್ತದೆ. ಆದ್ದರಿಂದ ಒಂದು ಕೀ ಉಳಿದ ದಿನವೇ ಎರಡನೆಯದು ಮಾಡಿಸುವುದು ಎಲ್ಲಕ್ಕಿಂತ ಅಗ್ಗ.

ಹೊಸ ಗಾಡಿ ಜೊತೆ ಬರುವ ಪುಟ್ಟ ಬಿಲ್ಲೆಯಲ್ಲಿ ಕೀ ನಂಬರ್ ಇರುತ್ತದೆ. ಅದನ್ನು ಕೀಗೊಂಚಲಿನಲ್ಲಿ ನೇತುಹಾಕಬೇಡಿ, ಗಾಡಿಯ ಗ್ಲೋವ್‌ಬಾಕ್ಸ್‌ನಲ್ಲೂ ಇಡಬೇಡಿ. ಮನೆಯ ಕಾಗದಪತ್ರದ ಜೊತೆ ಇಡಿ. ಕೀ ನಂಬರ್ ಇದ್ದರೆ ಯಾರಾದರೂ ಬ್ಲೇಡ್ ಕಟ್ ಮಾಡಬಲ್ಲರು. ಬ್ಲೇಡ್‌ನ ಸ್ಪಷ್ಟ ಫೋಟೋದಿಂದಲೂ ಮಾಡಬಲ್ಲರು, ಆದ್ದರಿಂದ ಗಾಡಿ ಮಾರುವ ಜಾಹೀರಾತಿನಲ್ಲಿ ಕೀ ಫೋಟೋ ಹಾಕುವ ರೂಢಿ ಬಿಡಿ.

ನಮ್ಮ ಕಸುಬಿನವರಿಗೂ ಒಂದು ಮಾತು ಹೇಳಬೇಕು. ಅಮೆರಿಕದಲ್ಲಿ ತಯಾರಕರಿಂದ ಕೀ ಕೋಡ್, ಪಿನ್ ಪಡೆಯಬೇಕಾದ ಕೀಲಿ ಕಸುಬಿನವರು ನಾಸ್ಟ್‌ಎಫ್ ಅನ್ನುವ ಸಂಸ್ಥೆಯ ನೋಂದಣಿಯಲ್ಲಿರಬೇಕು, ಕೀ ಕೇಳಿದವರ ಗುರುತು ಮತ್ತು ಗಾಡಿಯ ಮೇಲಿನ ಹಕ್ಕನ್ನು ಪರಿಶೀಲಿಸಿ ದಾಖಲೆ ಇಟ್ಟುಕೊಳ್ಳಬೇಕು. ಯುರೋಪಿನಲ್ಲಿ ಸರ್ಮಿ ಅನ್ನುವ ಮಾನ್ಯತೆ ಪದ್ಧತಿ ಬಂದಿದೆ. ಅದೇ ಶಿಸ್ತನ್ನು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಕೂತು ನಾವೂ ಪಾಲಿಸಬಹುದು, ಒಂದು ರಿಜಿಸ್ಟರ್ ಸಾಕು. ದಿನಾಂಕ, ಗಾಡಿ ನಂಬರ್, 17 ಅಕ್ಷರದ ಚಾಸಿ ನಂಬರ್, ತಂದವರ ಹೆಸರು, ಗುರುತಿನ ಚೀಟಿಯ ವಿವರ, ಸಹಿ, ಮೊದಲು ಎಷ್ಟು ಕೀ ಇದ್ದವು, ಆಮೇಲೆ ಎಷ್ಟು. ಚಾಸಿ ನಂಬರ್ ಮೂರು ಕಡೆ ಹೊಂದಬೇಕು: ಆರ್‌ಸಿ, ಗಾಡಿಯ ಲೋಹದ ಮೇಲೆ ಕೊರೆದದ್ದು, ಸ್ಕ್ಯಾನರ್ ಇಸಿಯುವಿನಿಂದ ಓದಿದ್ದು. ಮೂರನೆಯದು ಬೇರೆ ಬಂದರೆ ಇಸಿಯು ಬದಲಾಗಿರಬಹುದು. ಅದರ ಬಿಲ್ ತೋರಿಸುವವರೆಗೆ ಕೀ ಮಾಡಬಾರದು. ಕೆಲಸ ಮುಗಿದ ಮೇಲೆ ಪಿನ್ ಮತ್ತು ಕೀ ಡೇಟಾವನ್ನು ಟೂಲ್‌ನಿಂದ ಅಳಿಸಿ, ಪಿನ್‌ನ್ನು ಮಾಲೀಕರಿಗೆ ಮಾತ್ರ ಬರೆದುಕೊಡಿ. ಗಿರಾಕಿಗಳ ಪಿನ್ ಪಟ್ಟಿ ಅಂಗಡಿ ಫೋನಿನ ವಾಟ್ಸಾಪ್‌ನಲ್ಲಿ ಬಿದ್ದಿರುವುದು ತುಂಬ ಅಪಾಯ. ಆ ಫೋನ್ ಕಳೆದರೆ ಊರಿನ ಎಷ್ಟೋ ಗಾಡಿಗಳ ಗುಟ್ಟು ಕಳೆದಂತೆ.


ಸೆಕೆಂಡ್ ಹ್ಯಾಂಡ್ ಗಾಡಿ, ಶಿಕಾರಿಪುರ

ಇದೇ ಮಾತಿನ ನಡುವೆ ನನ್ನದೂ ಒಂದು ಸೇರಿಸಿಬಿಡಿ. ಹಳೆಯ ಗಾಡಿ ಕೊಳ್ಳುವವರು ಕೀ ವಿಷಯದಲ್ಲಿ ಎಂತ ನೋಡಬೇಕು? ಮಾರುವವರು ಒಂದೇ ಕೀ ಇದೆ ಅಂತಿದ್ದಾರೆ.


ಕೀಲಿಬೆಂಚು, ಶಿವಮೊಗ್ಗ

ಮುಂಗಡ ಕೊಡುವ ಮುಂಚೆ ಗಾಡಿಯನ್ನು ಸ್ಕ್ಯಾನರ್ ಇರುವ ಕಡೆ ಒಯ್ದು ನೋಂದಣಿಯಾದ ಕೀ ಸಂಖ್ಯೆ ಓದಿಸಿ. ಒಂದೇ ಕೀ ಅಂದು ಗಾಡಿ ಮೂರು ತೋರಿಸಿದರೆ ಉಳಿದ ಎರಡು ಎಲ್ಲಿ ಅಂತ ಕೇಳಿ. ಫೈನಾನ್ಸ್‌ನವರ ಹತ್ತಿರ ಒಂದು ಇರಬಹುದು. ಸಾಲ ತೀರಿದ ಪತ್ರದ ಜೊತೆ ಅದನ್ನೂ ವಾಪಸ್ ತರಿಸಲು ಹೇಳಿ. ಎರಡನೇ ಕೀ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.

ಇಮೊಬಿಲೈಸರ್ ನಿಜವಾಗಿ ಕೆಲಸ ಮಾಡುತ್ತಿದೆಯಾ ಅಂತಲೂ ನೋಡಬೇಕು. ಕೆಲವರು ಕೀ ತೊಂದರೆ ಬಂದಾಗ ಸರಿ ಮಾಡುವ ಬದಲು ಒಂದು ಚಿಪ್‌ನ್ನು ಸ್ಟೀರಿಂಗ್ ಕವರ್ ಒಳಗೆ ಕಾಯಿಲ್ ಪಕ್ಕ ಅಂಟಿಸಿಬಿಡುತ್ತಾರೆ, ಇಲ್ಲವೇ ಇಸಿಯುವಿನಲ್ಲಿ ಇಮೊಬಿಲೈಸರ್‌ನ್ನೇ ಆಫ್ ಮಾಡಿರುತ್ತಾರೆ. ಆಗ ಬರೀ ಬ್ಲೇಡ್ ಇದ್ದರೆ ಯಾರು ಬೇಕಾದರೂ ಗಾಡಿ ಓಡಿಸಬಹುದು. ಪರೀಕ್ಷೆ ಸುಲಭ: ಚಿಪ್ ಇಲ್ಲದ ಸಾದಾ ಬ್ಲೇಡ್ ಒಂದನ್ನು ಕಟ್ ಮಾಡಿಸಿ, ಅದನ್ನು ಹಾಕಿ ತಿರುಗಿಸಿ. ಅಸಲಿ ಕೀ ಗಾಡಿಯಿಂದ ದೂರ ಇರಲಿ. ಇಂಜಿನ್ ಹಿಡಿಯಬಾರದು, ಹಿಡಿದರೂ ಒಂದೆರಡು ಸೆಕೆಂಡಿನಲ್ಲಿ ನಿಲ್ಲಬೇಕು, ಡ್ಯಾಶ್‌ಬೋರ್ಡ್ ದೀಪ ಮಿನುಗಬೇಕು. ಆರಾಮಾಗಿ ಓಡುತ್ತಾ ಇದ್ದರೆ ಆ ಗಾಡಿಯ ಇಮೊಬಿಲೈಸರ್ ಸತ್ತಿದೆ ಅಂತ ತಿಳಿದು ಬೆಲೆ ಮಾತಾಡಿ.

ಆ ಸಾದಾ ಬ್ಲೇಡ್‌ನ್ನು ಆಮೇಲೆ ಮನೆಯಲ್ಲೇ ಇಟ್ಟುಕೊಳ್ಳಿ, ಕೀ ಒಳಗಿದ್ದು ಬಾಗಿಲು ಲಾಕ್ ಆದಾಗ ತೆರೆಯಲು ಬರುತ್ತದೆ. ಖರೀದಿ ಮುಗಿದು ಆರ್‌ಸಿ ನಿಮ್ಮ ಹೆಸರಿಗೆ ಬಂದ ವಾರವೇ ಹೊಸ ಕೀ ಮಾಡಿಸಿ, ಎಲ್ಲ ಅಳಿಸಿ, ನಿಮ್ಮ ಕೈಯಲ್ಲಿರುವ ಎರಡನ್ನಷ್ಟೇ ಕಲಿಸಿ. ರಿಮೋಟ್ ಮೆನು ಮರೆಯಬೇಡಿ. ಫೋನ್ ಆಪ್‌ನಿಂದ ಬಾಗಿಲು ತೆರೆಯುವ ಮಾದರಿಯಾದರೆ ಹಳೆಯ ಮಾಲೀಕರ ಖಾತೆಯಿಂದ ಗಾಡಿಯನ್ನು ಅವರೆದುರೇ ತೆಗೆಸಿ, ಆಮೇಲೆ ಬಾಕಿ ಹಣ ಕೊಡಿ.